ಸ್ಕಿ ಅಲ್ಲ, ಸ್ಕಾ

ಮೊನ್ನೆ ಕತ್ತರಿ ಹುಡುಕೋಣ ಅಂತ ಅಡುಗೆಮನೆಯ ಕೆಳಗಿನ ಡ್ರಾಯರ್ ಎಳೆದೆ. ಕತ್ತರಿ ಸಿಗಲಿಲ್ಲ. ಹಳೇ ಬೀಗದ ಕೈಗಳ ಅಡಿಯಲ್ಲಿ ನನ್ನ ಹಳೇ ಕೆಲಸದ ಬ್ಯಾಡ್ಜ್ ಸಿಕ್ಕಿತು. ಬಿಳಿ ಪ್ಲಾಸ್ಟಿಕ್ಕಿನ ಮೇಲೆ ನೀಲಿ ಅಕ್ಷರದಲ್ಲಿ ‘ಬಸಪ್ಪ’. ಅದರ ಪಿನ್ನಿಗೆ ಒಂದು ಚೀಟಿ ಸಿಕ್ಕಿಕೊಂಡಿತ್ತು. ಬಿಚ್ಚಿ ನೋಡಿದರೆ ಆ ಮುದುಕಿಯ ಕೈಬರಹ! ತನ್ನ ಹೆಸರಿನ ಕೊನೆಯ ಅಕ್ಷರವನ್ನು ಕಾಗದ ಹರಿಯುವಷ್ಟು ಒತ್ತಿ ಬರೆದಿದ್ದಳು... ಇಷ್ಟು ವರ್ಷ ಆದಮೇಲೂ ನನಗೆ ಮೈ ಉರಿಯಿತು.

ಬಸಪ್ಪ ಅನ್ನೋದು ನಮ್ಮಪ್ಪನ ಹೆಸರು. ನಾನು ಗಿರಿಜಾ. ತುಮಕೂರಿನಲ್ಲಿ ಬಿ. ಗಿರಿಜಾ ಆಗಿದ್ದೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್ ಬಿಡಿಸಿ ಬರೆಯಿರಿ ಅಂದರು, ಗಿರಿಜಾ ಬಸಪ್ಪ ಆದೆ. ಅಮೆರಿಕಕ್ಕೆ ಬಂದಮೇಲೆ ಗಿರಿಜಾ ಉದುರಿಹೋಗಿ ಬರೀ ಬಸಪ್ಪ ಉಳಿಯಿತು. ಗ್ಲೆಂಡೇಲಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ನೋಟರಿಯಾಗಿ ಸೇರಿದಾಗ ಬ್ಯಾಡ್ಜೂ ಹಾಗೇ ಬಂತು. ದಿನಾ ಸೆರಿಟೋಸ್‌ನ ಮನೆಯಿಂದ ಅಲ್ಲಿಗೆ ಫ್ರೀವೇಯಲ್ಲಿ ಡ್ರೈವ್ ಮಾಡಿ ಹೈರಾಣಾಗುತ್ತಿದ್ದವಳಿಗೆ ಹೆಸರಿನ ಬಗ್ಗೆ ಜಗಳ ಆಡುವ ತ್ರಾಣ ಎಲ್ಲಿತ್ತು? ಯಾರಾದರೂ ಬಸಪ್ಪ ಅಂದರೆ ‘ಎಸ್’ ಅಂತಿದ್ದೆ.

ನೋಟರಿ ಕೆಲಸ ಇಷ್ಟೇ. ಜನ ನನ್ನ ಕಣ್ಣೆದುರು ಸಹಿ ಹಾಕಬೇಕು, ಸಹಿಯ ಹೆಸರೂ ಅವರ ಡ್ರೈವಿಂಗ್ ಲೈಸೆನ್ಸಿನ ಹೆಸರೂ ಒಂದೇ ಅಂತ ನೋಡಿಕೊಂಡು ನಾನು ಸೀಲ್ ಒತ್ತಬೇಕು.

ಪೋಲೆಂಡ್ ಯುರೋಪಿನ ಒಕ್ಕೂಟ ಸೇರಿದ ಮಾರನೇ ವರ್ಷ ಅವಳು ಬಂದಳು. ಎಪ್ಪತ್ತು ದಾಟಿತ್ತು. ಬೆನ್ನು ಮಾತ್ರ ನೆಟ್ಟಗೆ. ಕೌಂಟರಿನ ಮೇಲೆ ಒಂದು ಫೈಲ್ ಬಡಿದು, ‘ಸೀಲ್ ಹಾಕು’ ಅಂದಳು. ಒಂದು ಹಲೋ ಇಲ್ಲ, ಪ್ಲೀಸ್ ಇಲ್ಲ. ಇಂಗ್ಲಿಷಿನಲ್ಲಿ ನೀನು, ನೀವು ಎರಡೂ ಒಂದೇ ಆದ್ದರಿಂದ ಬಾಯಲ್ಲಿ ಬಚಾವಾದೆ. ಮನಸ್ಸಿನಲ್ಲಿ ಮಾತ್ರ ಅವತ್ತಿನಿಂದಲೇ ಅವಳಿಗೆ ಏಕವಚನ ಹಾಕಿಬಿಟ್ಟೆ.

ಕಥೆ ಹೀಗಿತ್ತು. ದೊಡ್ಡ ಯುದ್ಧ ಮುಗಿದಮೇಲೆ ಅಪ್ಪ, ಅಣ್ಣನ ಜೊತೆ ಹುಡುಗಿಯಾಗಿದ್ದಾಗಲೇ ಪೋಲೆಂಡಿನಿಂದ ಈ ದೇಶಕ್ಕೆ ಬಂದವಳು. ಇಲ್ಲಿ ಯಾರೋ ಗುಮಾಸ್ತ ಮೂವರ ಮನೆತನದ ಹೆಸರಿನ ಕೊನೆಗೂ ಅಪ್ಪನದರಂತೆ ‘ಸ್ಕಿ’ ಅಂತಲೇ ಬರೆದುಕೊಂಡ. ಅವರ ಭಾಷೆಯಲ್ಲಿ ಗಂಡಸಿಗೆ ಸ್ಕಿ, ಹೆಂಗಸಿಗೆ ಸ್ಕಾ. ಈಗ ಸ್ಯಾನ್ ಡಿಯೇಗೋ ಹತ್ತಿರದ ಪೊವೇಯಲ್ಲಿದ್ದ ಅಣ್ಣ ಪೋಲೆಂಡಿನ ಪೌರತ್ವಕ್ಕೆ ಅಪ್ಲೈ ಮಾಡಿದ್ದರು. ಅಲ್ಲೂ ಸ್ಕಿ, ಇಲ್ಲೂ ಸ್ಕಿ, ಸಲೀಸಾಗಿ ಸಿಕ್ಕಿತ್ತು. ಬರುವ ಬೇಸಿಗೆಗೆ ಅವರು ಹುಟ್ಟಿದ ಊರಿಗೆ ಹೋಗಿ ಅಲ್ಲೇ ಇದ್ದುಬಿಡುವವರು. ಇವಳಿಗೂ ಜೊತೆಗೆ ಹೋಗಬೇಕು. ಅಣ್ಣನನ್ನು ಬಿಟ್ಟರೆ ಅವಳಿಗೆ ಯಾರೂ ಇರಲಿಲ್ಲ. ಆದರೆ ಅಲ್ಲಿನ ಜನನಪತ್ರದಲ್ಲಿ ಸ್ಕಾ, ಇಲ್ಲಿನ ಎಲ್ಲ ಕಾಗದದಲ್ಲೂ ಸ್ಕಿ. ಆ ಸ್ಕಾ, ಈ ಸ್ಕಿ ಇಬ್ಬರೂ ಒಬ್ಬಳೇ ಅಂತ ಪ್ರಮಾಣಪತ್ರ ತಂದರೆ ಮಾತ್ರ ಪೌರತ್ವ.

ಪ್ರಮಾಣಪತ್ರ ತಂದಿದ್ದಳು. ಸಹಿ ಮಾತ್ರ ಸ್ಕಾ ಅಂತಲೇ ಹಾಕುತ್ತೇನೆ ಅಂತ ಹಟ. ಲೈಸೆನ್ಸಿನಲ್ಲಿ ಸ್ಕಿ ಇದೆ, ಹಾಗೇ ಹಾಕಬೇಕು ಅಂದೆ. ಬೇರೆ ನೋಟರಿಗಳೂ ಅದನ್ನೇ ಹೇಳಿ ಕಳಿಸಿದ್ದರಂತೆ.

‘ನಾನು ಗಂಡಸಾ?’ ಅಂತ ಕೂಗಿದಳು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಪೆನ್ ಕಿತ್ತುಕೊಂಡು, ಚೀಟಿಯ ಮೇಲೆ ಹೆಸರು ಬರೆದು ನನ್ನ ಮುಖಕ್ಕೆ ಹಿಡಿದಳು. ಅವಳ ಸಂಕಟ ನನಗೆ ಅರ್ಥವಾಗಲಿಲ್ಲ ಅಂತಲ್ಲ. ಕಮಲಮ್ಮ ಬಂದಳು ಅನ್ನುವಲ್ಲಿ ಕಮಲಮ್ಮ ಬಂದ ಅಂತ ಐವತ್ತು ವರ್ಷ ಕೇಳಿಸಿಕೊಂಡರೆ ಯಾರಿಗೆ ತಲೆ ಕೆಡೋಲ್ಲ ಹೇಳಿ? ಸಮಾಧಾನ ಮಾಡೋಣ ಅಂತ ನನ್ನ ಬ್ಯಾಡ್ಜ್ ತೋರಿಸಿದೆ. ನೋಡಿ, ಇದು ನಮ್ಮಪ್ಪನ ಹೆಸರು, ಎಲ್ಲರೂ ನನ್ನನ್ನು ಇದರಿಂದಲೇ ಕರೀತಾರೆ, ನಾನೂ ಓಗೊಡ್ತೀನಿ, ಏನು ಗಂಟು ಹೋಯಿತು ಅಂದೆ.

ಅವಳು ಬ್ಯಾಡ್ಜನ್ನೂ ನನ್ನನ್ನೂ ನಿಧಾನವಾಗಿ ನೋಡಿದಳು. ‘ನೀನು ಓಗೊಟ್ಟೆ. ಅದಕ್ಕೇ ಹೀಗಾದೆ’ ಅಂದಳು.

ಆ ಮಾತು ಎಲ್ಲಿಗೆ ತಗಲಬೇಕೋ ಅಲ್ಲಿಗೇ ತಗಲಿತು. ‘ನೆಕ್ಸ್ಟ್’ ಅಂತ ಅವಳ ಹಿಂದಿದ್ದವರನ್ನು ಕರೆದೆ.

ಈಗ ನಿಜ ಹೇಳುತ್ತೇನೆ. ಅದಕ್ಕೊಂದು ದಾರಿ ಇತ್ತು, ನನಗೆ ಗೊತ್ತಿತ್ತು. ನನ್ನ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಬಿ. ಗಿರಿಜಾ, ಪಾಸ್‌ಪೋರ್ಟಿನಲ್ಲಿ ಗಿರಿಜಾ ಬಸಪ್ಪ. ತುಮಕೂರಿನ ಕೋರ್ಟಿನ ಎದುರು ಬೇವಿನ ಮರದ ಕೆಳಗೆ ಕೂತಿದ್ದ ನೋಟರಿ ನನ್ನ ಕೈಯಲ್ಲಿ ಎರಡು ಸಹಿ ಹಾಕಿಸಿದ್ದರು. ಕಾಗದದಲ್ಲಿದ್ದ ಹೆಸರಿನಲ್ಲಿ ಒಂದು, ಅದರ ಕೆಳಗೆ ‘ನಿಜವಾದ ಹೆಸರು’ ಅಂತ ಬರೆದು ಇನ್ನೊಂದು. ನಮ್ಮ ಅಂಗಡಿಯಲ್ಲೂ ಹಾಗೆ ಮಾಡಲು ಅಡ್ಡಿ ಇರಲಿಲ್ಲ. ತನ್ನ ಸ್ಕಾ ಕಾಗದದ ಮೇಲೆ ಇರುತ್ತದೆ ಅಂತಾದರೆ ಅವಳು ಒಪ್ಪುತ್ತಿದ್ದಳೇನೋ... ನಾನು ಹೇಳಲೇ ಇಲ್ಲ.

ಬೇಸಿಗೆಗೆ ಮುಂಚೆ ಇನ್ನೊಮ್ಮೆ ಬಂದಳು. ಈ ಸಲ ಪೊವೇಯಿಂದ ಅಣ್ಣನನ್ನೂ ಕರೆತಂದಿದ್ದಳು. ಮೆತ್ತಗಿನ ಮನುಷ್ಯ. ಹೊಸ ಪಾಸ್‌ಪೋರ್ಟ್ ಅಂಗಿಯ ಜೇಬಿನಿಂದ ಇಣುಕುತ್ತಿತ್ತು. ಅದೇ ಸಹಿ, ಅದೇ ಹಟ. ಕೊನೆಗೆ ಅವರು ನನ್ನ ಕಡೆ ಬಗ್ಗಿ, ‘ಬೇರೆ ದಾರಿಯೇ ಇಲ್ಲವಾ ಅಮ್ಮಾ? ನನ್ನ ಟಿಕೆಟ್ ಆಗಿಹೋಗಿದೆ’ ಅಂದರು. ಅವಳು ಆ ಕಡೆ ಮುಖ ತಿರುಗಿಸಿ ನಿಂತಿದ್ದಳು. ಒಂದೇ ಒಂದು ಸಲ ನನ್ನ ಕಡೆ ನೋಡಿ ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ನೋಡಲಿಲ್ಲ. ‘ಇಲ್ಲ’ ಅಂದೆ.

ಮನೆಯಲ್ಲಿ ನಮ್ಮವರಿಗೆ ಹೇಳಿದಾಗ, ‘ನಿನಗೆ ಗೊತ್ತಿತ್ತಲ್ಲೇ! ಬಾಯಿ ಬಿಟ್ಟಿದ್ದರೆ ಏನಾಗ್ತಿತ್ತು?’ ಅಂದರು. ಸುಮ್ಮನೆ ಊಟ ಮಾಡಿ ಅಂತ ಅವರ ಮೇಲೂ ಹರಿಹಾಯ್ದೆ.

ಮಾರನೇ ವರ್ಷ ನನ್ನದೇ ಅಮೆರಿಕದ ಪೌರತ್ವದ ಇಂಟರ್‌ವ್ಯೂ ಬಂತು. ತುಂಬಿದ ಹಾಲಿನಲ್ಲಿ ಆಫೀಸರ್ ಬಾಗಿಲು ತೆರೆದು ‘ಮಿಸ್ಟರ್ ಬಸಪ್ಪ’ ಅಂತ ಕೂಗಿದ. ನಾನು ಎದ್ದು ನಿಂತೆ. ಸೀರೆ ಉಟ್ಟವಳನ್ನು ನೋಡಿ ಅವನು ತನ್ನ ಕಾಗದ ನೋಡಿಕೊಂಡು ಸಾರಿ ಅಂದ. ನನಗೆ ಮಾತ್ರ ನಾನು ಎದ್ದು ನಿಂತ ರೀತಿಗೇ ನಾಚಿಕೆಯಾಯಿತು. ಅನುಮಾನವೇ ಬರದೆ, ಅಷ್ಟು ಸಲೀಸಾಗಿ ಎದ್ದಿದ್ದೆ.

ಮರುದಿನವೇ ಎರಡು ಸಹಿಗೆ ಜಾಗ ಬಿಟ್ಟು ಅವಳ ಪ್ರಮಾಣಪತ್ರ ಟೈಪ್ ಮಾಡಿ ಅಂಗಡಿಯ ಡ್ರಾಯರಿನಲ್ಲಿಟ್ಟೆ. ಸಹಿಯೇ ಆಗದ್ದರಿಂದ ರಿಜಿಸ್ಟರಿನಲ್ಲಿ ಅವಳ ವಿಳಾಸ ಇರಲಿಲ್ಲ. ಬರಲಿ ಅಂತ ಕಾದೆ. ತಿಂಗಳುಗಳೇ ಕಳೆದವು...

ಬಂದಳು. ಬೆನ್ನು ಬಾಗಿತ್ತು. ಮುಂದಿಟ್ಟಿದ್ದು ಬೇರೆ ಕಾಗದ. ಅಣ್ಣ ಆ ಊರಿನಲ್ಲಿ ತೀರಿಕೊಂಡಿದ್ದರು. ಪಕ್ಕದ ಮನೆಯವರು ಮಣ್ಣು ಮಾಡಬಹುದು ಅಂತ ಒಡಹುಟ್ಟಿದವಳ ಒಪ್ಪಿಗೆ ಬೇಕಿತ್ತು, ತಕ್ಷಣ ಫ್ಯಾಕ್ಸ್ ಮಾಡಬೇಕಿತ್ತು. ಪೆನ್ ಕೊಟ್ಟೆ. ಅವಳು ಒಂದೇ ಉಸಿರಿಗೆ ಸ್ಕಿ ಅಂತ ಸಹಿ ಹಾಕಿ, ‘ಸರಿಯಾಗಿದೆಯಾ?’ ಅಂತ ಕೇಳಿದಳು.

ನಾನು ಸೀಲ್ ಒತ್ತಿದೆ. ಆಮೇಲೆ ಡ್ರಾಯರಿನಿಂದ ಆ ಪ್ರಮಾಣಪತ್ರ ತೆಗೆದು ಮುಂದಿಟ್ಟು, ಹೀಗೆ ಎರಡೂ ಹೆಸರು ಹಾಕಬಹುದು ಅಂದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು.

‘ಇದು ನಿನಗೆ ಮೊದಲೇ ಗೊತ್ತಿತ್ತಾ?’

‘ಗೊತ್ತಿತ್ತು’ ಅಂದೆ.

ಈ ಸಲ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ‘ಈಗ ಅಲ್ಲಿ ಯಾರಿದ್ದಾರೆ ಅಂತ ನಾನು ಹೋಗಲಿ?’ ಅಂದು ಕಾಗದವನ್ನು ನನ್ನ ಕಡೆಗೇ ತಳ್ಳಿದಳು. ಬ್ಯಾಗ್ ಎತ್ತಿಕೊಂಡು, ನನ್ನ ಎದೆಯ ಮೇಲಿನ ಬ್ಯಾಡ್ಜ್ ಓದಿದಳು.

‘ಥ್ಯಾಂಕ್ ಯೂ, ಮಿಸ್ಟರ್ ಬಸಪ್ಪ’ ಅಂದಳು.

ಆಮೇಲೆ ಅವಳನ್ನು ನೋಡಲಿಲ್ಲ. ಅಂಗಡಿಯೂ ಮುಚ್ಚಿಹೋಯಿತು. ಆಗಲೇ ಅಷ್ಟು ವಯಸ್ಸಾಗಿದ್ದವಳು ಈಗ ಇರಲಾರಳು. ಯಾವ ಸ್ಮಶಾನದಲ್ಲಿ ಮಲಗಿದ್ದಾಳೋ, ಕಲ್ಲಿನ ಮೇಲೆ ಯಾವ ಹೆಸರು ಕೆತ್ತಿದ್ದಾರೋ... ಕ್ಷಮಿಸಿ ಅನ್ನುವ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ, ಇನ್ನು ಹೇಳುವುದಕ್ಕೆ ಅವಳೂ ಇಲ್ಲ.

ಹಿರಿಯ ಹೆಂಗಸನ್ನು ಅವಳು, ಇವಳು ಅಂತೀಯಲ್ಲೇ, ಅವರು ಅಂತ ಬರಿ ಅಂದರು ನಮ್ಮವರು, ಇದನ್ನು ಓದಿ. ತಿದ್ದಲು ಕೂತೆ. ಅವರು ಬಂದರು, ಅವರು ಹೋದರು ಅಂತ ಎರಡು ಸಾಲು ಬರೆದು ನೋಡಿದೆ. ಮರ್ಯಾದೆಯೇನೋ ಬಂತು. ಆದರೆ ಬಂದದ್ದು ಗಂಡಸೋ ಹೆಂಗಸೋ ಅನ್ನುವುದೇ ಅಳಿಸಿಹೋಯಿತು. ಮೊದಲು ಸಿಟ್ಟಿಗೆ ಬರೆದದ್ದನ್ನೇ ಈಗ ಬೇಕೆಂದೇ ಉಳಿಸಿದ್ದೇನೆ. ಅವಳು ಬಂದಳು. ಅವಳು ಹೋದಳು.