ಹುಳದ ಮನೆಯವಳ ಅತ್ತರು

ರೇಷ್ಮೆ ಹುಳ ಸಾಕುವ ಮನೆಯಲ್ಲಿ ಸೆಂಟು ಹಾಕಿಕೊಳ್ಳುವಂತಿಲ್ಲ. ಘಾಟು ತಾಕಿದರೆ ಹುಳ ಮೇವು ಬಿಟ್ಟು ಕೂರುತ್ತವೆ. ಕೋಡಿಹಳ್ಳಿ ಕಡೆಗೆ ಸೊಸೆಯಾಗಿ ಬಂದ ವಾರದಲ್ಲೇ ನನ್ನ ಪೌಡರ್ ಡಬ್ಬಿಯನ್ನು ಅತ್ತೆ ಅಟ್ಟಕ್ಕೆ ಹಾಕಿದರು. ಇಪ್ಪತ್ತೆರಡು ವರ್ಷ, ಹಿಪ್ಪುನೇರಳೆ ಸೊಪ್ಪು ಮತ್ತು ಸುಣ್ಣದ ವಾಸನೆ ಬಿಟ್ಟರೆ ನನ್ನ ಮೈಗೆ ಬೇರೆ ಗೊತ್ತಿಲ್ಲ. ಬೇಸರವೇನೂ ಇರಲಿಲ್ಲ. ನಮಗೆ ಅನ್ನ ಹಾಕಿದ್ದೇ ಆ ಹುಳ.

ಆದರೆ ಹೋದ ವರ್ಷ ಮಾಗಡಿಯಲ್ಲಿ ನೆಂಟರ ಗೃಹಪ್ರವೇಶ. ಪಂಕ್ತಿಯಲ್ಲಿ ಪಕ್ಕ ಕೂತ ನಾದಿನಿ ಮೂಗಿಗೆ ಸೆರಗು ಹಿಡಿದು, "ಎಲ್ಲೋದ್ರೂ ನಿನ್ ಜೊತೆ ಹುಳದ ಮನೇನೂ ಬತ್ತದೆ ಕಣತ್ತಿಗೆ" ಎಂದು ನಾಲ್ಕು ಜನರ ಮುಂದೆ ನಕ್ಕಳು. ಅದೇ ಹುಳದ ದುಡ್ಡಲ್ಲಿ ಓದಿ ಮದುವೆಯಾದವಳು! ಮೈಯೆಲ್ಲ ಉರಿದುಹೋಯಿತು, ಒಬ್ಬಟ್ಟನ್ನು ಎಲೆಯಲ್ಲೇ ಬಿಟ್ಟೆ. ಬರಲಿ ನಿನ್ನ ಮಗಳ ಮದುವೆ, ತೋರಿಸ್ತೀನಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆ ಮದುವೆ ಈ ವರ್ಷ ಬಂತು. ಅದಕ್ಕೆ ನಾಲ್ಕು ದಿನ ಮುಂಚೆ ರೇಷ್ಮೆ ಗೂಡು ಮಾರಲು ರಾಮನಗರಕ್ಕೆ ಹೋದೆವು. ಯಜಮಾನರನ್ನು ಗೂಡಿನ ಮಾರುಕಟ್ಟೆಯಲ್ಲಿ ಬಿಟ್ಟು ನಾನು ಅತ್ತರಿನ ಅಂಗಡಿ ಹುಡುಕಿಕೊಂಡು ಹೋದೆ. ಗಟ್ಟಿಯಾಗಿರಬೇಕು, ಸಿಹಿಯಾಗಿರಬೇಕು, ಪಕ್ಕ ಕೂತವರಿಗೆ ಗೊತ್ತಾಗಬೇಕು ಎಂದೆ. ಅಂಗಡಿಯ ಸಾಬರು ಎರಡು ಸೀಸೆ ತೆಗೆದು ಒಂದೊಂದು ಕೈಗೆ ಒಂದೊಂದು ಹಚ್ಚಿ, ಅವಸರ ಬೇಡ, ಒಂದು ಸುತ್ತು ಓಡಾಡಿ ಬಾ ತಾಯಿ ಎಂದರು.

ಎಡಗೈಯಲ್ಲಿ ಏಲಕ್ಕಿ ಹಾಕಿ ಕಾಯಿಸಿದ ಬೆಲ್ಲದ ಪಾಕ. ಬಲಗೈಯಲ್ಲಿ ಜೇನು, ಲವಂಗ, ಅದರ ಹಿಂದೆ ಸಾಂಬ್ರಾಣಿಯ ಕಾವು. ಎರಡೂ ಚೆನ್ನ. ಅರ್ಧ ಗಂಟೆ ಕೈ ಮೂಸಿಕೊಂಡೇ ಬೀದಿ ಸುತ್ತಿದೆ. ಯಜಮಾನರು ಸಿಕ್ಕಿದ ಮೇಲೆ ಇಬ್ಬರೂ ಅಂಗಡಿಗೆ ಹೋದೆವು. ಬೆಲ್ಲದ್ದು ಒಂದೇ ಸ್ನಾನಕ್ಕೆ ಹೋಗುತ್ತದೆ, ಸಾಂಬ್ರಾಣಿಯದು ಮೂರು ದಿನ ಮೈ ಬಿಡುವುದಿಲ್ಲ ಎಂದರು ಸಾಬರು. ಮದುವೆಯ ಮಾರನೇ ದಿನವೇ ಮನೆಗೆ ಮರಿಹುಳ ಬರುವುದಿತ್ತು. ಬೆಲ್ಲದ್ದೇ ತಗೊಂಡು ಸುಮ್ಮನೆ ಬಾ ಎಂದರು ಯಜಮಾನರು. ಅವರ ಮಾತು ನ್ಯಾಯವಾಗಿತ್ತು. ಆದರೂ ನಾನು ಬಲಗೈ ಮುಂದೆ ಚಾಚಿದೆ.

"ಇದೇ ಬೇಕು. ಮೂರು ದಿನ ಹುಳಕ್ಕೆ ಸೊಪ್ಪು ನೀವ್ ಹಾಕಿ."

ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ಹೊತ್ತಿನ ಸೊಪ್ಪನ್ನೂ ತಪ್ಪಿಸಿದವಳಲ್ಲ. ಅವರು ನನ್ನ ಮುಖ ನೋಡಿ, ಜೇಬಿನಿಂದ ದುಡ್ಡು ತೆಗೆದರು.

ಮದುವೆಮನೆಯ ಬಾಗಿಲಲ್ಲೇ ನಾದಿನಿ ಎಳೆದು ಉಸಿರು ತಗೊಂಡಳು. ಯಾವ ಸೆಂಟು ಎಂದು ಕೇಳಿದಳು.

"ಹುಳದ ಮನೇದು" ಎಂದೆ.

ಮನೆಗೆ ಬಂದು ಜಗಲಿಯ ಮೇಲೆ ಕೂತೆ. ಮರಿಹುಳ ಬಂದವು. ಯಜಮಾನರು ಸೊಪ್ಪು ಹೆಚ್ಚಿದರು, ಹಾಕಿದರು, ಸೊಂಟ ಹಿಡಿದುಕೊಂಡು ಮತ್ತೆ ಹಾಕಿದರು. ಸಾಬರು ಮೂರು ದಿನ ಎಂದಿದ್ದರು, ಆದರೆ ಎರಡನೇ ದಿನದ ಸ್ನಾನಕ್ಕೇ ಅತ್ತರು ಪೂರ್ತಿ ಹೋಯಿತು. ಮೂರನೇ ದಿನ ಬೆಳಗ್ಗೆ ಅವರು ಹುಳದ ಮನೆಯೊಳಗಿಂದಲೇ ಕೂಗಿದರು.

"ವಾಸ್ನೆ ಹೋಯ್ತೇನಮ್ಮಿ?"

"ಇನ್ನೂ ಒಸಿ ಐತೆ" ಎಂದು ಹೇಳಿ, ಎರಡನೇ ಲೋಟ ಕಾಫಿ ಬಗ್ಗಿಸಿಕೊಂಡೆ.