ಷರಾ ಖಾನೆಯಲ್ಲಿ ನನ್ನ ಎಡಗಾಲು

ಮೊಮ್ಮಗಳು ಬಾಣಂತನಕ್ಕೆ ಬಂದಾಗಿನಿಂದ ನಮ್ಮ ಮನೆಯ ತುಂಬ ಔಡಲೆಣ್ಣೆಯ ವಾಸನೆ. ಬಚ್ಚಲಿನಿಂದ ಹೊರಟು, ಪಡಸಾಲೆ ದಾಟಿ, ಟಿವಿ ಮುಂದೆ ಕೂತ ನನ್ನ ಮಗನ ಮೂಗಿನವರೆಗೂ ಹೋಗುತ್ತದೆ. ಅವನಿಗೆ ಅದು ತಲೆನೋವು, ನನಗೆ ಅದು ನಮ್ಮ ದೊಡ್ಡಪ್ಪ. ಎಣ್ಣೆ ಹಚ್ಚಿದ ಕೂಸಿನ ಕಾಲು ಕಂಡರೆ ಸಾಕು, ನನ್ನ ಕೈ ತಾನೇ ಹೋಗಿ ಬೆರಳು ಎಣಿಸುತ್ತದೆ. "ಎಷ್ಟ್ ಸಲ ಎಣಿಸ್ತೀಬೇ ಆಯಿ? ನಿನ್ನಿ ಹತ್ತಿದ್ವು, ಇವತ್ತೂ ಹತ್ತೇ ಅದಾವು" ಎಂದು ಮೊಮ್ಮಗಳು ನಗುತ್ತಾಳೆ. ನಗಲಿ. ಈ ಚಟ ನನಗೆ ಅಂಟಿಸಿದವನ ಕತೆ ಅವಳಿಗೆ ಗೊತ್ತಿಲ್ಲ. ನಿಮಗಾದರೂ ಹೇಳುತ್ತೇನೆ, ಸ್ವಲ್ಪ ಕೂಡಿ.

ಶರಣಪ್ಪ ದೊಡ್ಡಪ್ಪ ನಮ್ಮಪ್ಪನ ಅಣ್ಣ. ಗುರುಗುಂಟಾದ ಆಚೆ, ಮಳೆ ಬಂದರೆ ಬೆಳೆ ಎನ್ನುವಂಥ ಸಣ್ಣ ಹಳ್ಳಿ ನಮ್ಮದು. ಅದರ ಹುಟ್ಟು-ಸಾವಿನ ದಫ್ತರ ಅವನ ಕೈಯಲ್ಲಿತ್ತು. ಕಟ್ಟೆಯ ಮೇಲೆ ಕೂತು ಜನ ಹೇಳಿದ್ದನ್ನು ಬರೆದುಕೊಂಡರೆ ಮುಗಿಯುವ ಕೆಲಸ. ಅವನೂ ಮೊದಲು ಹಾಗೇ ಮಾಡುತ್ತಿದ್ದನಂತೆ. ಒಬ್ಬ ಪುಣ್ಯಾತ್ಮ ಮೂರನೆಯದೂ ಹೆಣ್ಣಾಯಿತೆಂಬ ಸಂಕಟಕ್ಕೆ ಗಂಡು ಎಂದು ಬರೆಸಿಬಿಟ್ಟ. ಆರು ವರ್ಷಕ್ಕೆ ಆ ಗಂಡು ಎರಡು ಜಡೆ ಹೆಣೆದುಕೊಂಡು ಶಾಲೆಗೆ ಬಂತು. ಅಂದಿನಿಂದ ದೊಡ್ಡಪ್ಪ ಕಣ್ಣಿಂದ ಕಾಣದೆ ಏನನ್ನೂ ಬರೆಯುವುದಿಲ್ಲ ಎಂದು ಹಟ ಹಿಡಿದ. ಇದೆಲ್ಲ ನಾನು ಹುಟ್ಟುವ ಮುಂಚಿನ ಮಾತು.

ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಬಗಲಲ್ಲಿ ದಫ್ತರ ಹಿಡಿದು ಹಾಜರಾಗುವನು. ಕೂಸಿಗೆ ಹೊದಿಸಿದ ಕುಂಚಿಗೆ ಬಿಚ್ಚಿಸಿ, ತುಟಿ ನೋಡಿ, ಬೆನ್ನು ಸವರಿ, ಕೈಕಾಲಿನ ಬೆರಳು ಗಟ್ಟಿಯಾಗಿ ಎಣಿಸಿ, ಕಂಡದ್ದನ್ನು ಕೊನೆಯ ಷರಾ ಖಾನೆಯಲ್ಲಿ ಬರೆಯುವನು. ಜನರೂ ಕಡಿಮೆಯೇನಲ್ಲ. ಆರು ಬೆರಳೆಂದರೆ ಅದೃಷ್ಟ, ಅಂಥ ಮನೆಯವರು ತಾವೇ ಬೆಲ್ಲ ಹಿಡಿದು ಬಂದು ಬರೆಸುತ್ತಿದ್ದರು. ತುಟಿ ಸೀಳಿದ್ದರೆ, ಕಾಲು ಸೊಟ್ಟಗಿದ್ದರೆ ಮಾತ್ರ, ಮನೆಯವರು ಹೇಳುವಂತೆ, ಕೂಸಿಗೆ ಯಾವಾಗಲೂ ನಿದ್ದೆ. ದೊಡ್ಡಪ್ಪ ಅದು ಏಳುವ ತನಕ ಜಗುಲಿಯ ಮೇಲೆ ಎಲೆ-ಅಡಿಕೆ ಮೆಲ್ಲುತ್ತ ಕೂತಿರುತ್ತಿದ್ದ. ನನಗೆ ಬುದ್ಧಿ ಬಂದ ಮೇಲೆ ಅವನ ಹಿಂದೆ ತಿರುಗಿ ತಿರುಗಿ, ಎಲ್ಲಿ ಎಣಿಕೆ ತಪ್ಪಿದರೂ ಬಾಯಿ ಹಾಕುವುದು ನನಗೂ ರೂಢಿಯಾಯಿತು. ಅದರ ಫಲ ಮುಂದೆ ಬರುತ್ತದೆ.

ಅಷ್ಟರಲ್ಲಿ ಸಿಂಧನೂರು ಸೀಮೆಗೆ ಕಾಲುವೆ ಬಂದು ಭತ್ತದ ಗದ್ದೆಗಳಾಗಿದ್ದವು. ಅಲ್ಲಿಯ ವಳಕಮದಿನ್ನಿಯಿಂದ ನನಗೊಂದು ಸಂಬಂಧವೂ ಬಂತು. ಹುಡುಗನ ಕಡೆಯವರು ಬಂದರು, ನನ್ನನ್ನು ನಡೆಸಿ ನೋಡಿದರು, ಸೂಜಿಗೆ ದಾರ ಪೋಣಿಸಲು ಹೇಳಿದರು, ಒಪ್ಪಿದರು. ನಿಜ ಹೇಳಲೇ? ನನಗೆ ಮೊದಲು ಮನಸ್ಸಾದದ್ದು ದಿನಾ ಉಣ್ಣಲು ಸಿಗುವ ಬಿಳಿ ಅನ್ನದ ಮೇಲೆ. ನಮ್ಮಲ್ಲಿ ಅನ್ನವೆಂದರೆ ಹಬ್ಬ. ಆದರೆ ಹುಡುಗ ಹೋಗುವಾಗ ಸೈಕಲ್ಲು ಹತ್ತಿ ಒಮ್ಮೆ ಹೊರಳಿ ನೋಡಿದ ನೋಡಿ, ಆಮೇಲೆ ಅನ್ನ ಮರೆತೇಹೋಯಿತು.

ವೀಳ್ಯ ಹಿಡಿದು ನಿಶ್ಚಯ ಮಾಡುವುದಷ್ಟೇ ಬಾಕಿ. ಮಸ್ಕಿ ಸಂತೆಗೆ ಹೋಗಿದ್ದ ಯಾರೋ ಸುದ್ದಿ ತಂದರು: ವಳಕಮದಿನ್ನಿಯಲ್ಲಿ ಒಂದಾದ ಮೇಲೊಂದು ಕೂಸು ಸೊಟ್ಟಗಾಲು ಹೊತ್ತು ಹುಟ್ಟುತ್ತಿದೆ, ಎಲ್ಲಾ ಕಾಲುವೆ ನೀರಿನ ಕರಾಮತ್ತು. ನಮ್ಮ ಆಯಿಗೆ, ಅಂದರೆ ಅಪ್ಪನ ಅವ್ವನಿಗೆ, ಅಷ್ಟು ಸಾಕಾಯಿತು.

"ಕಾಲುವಿ ಸೊಟ್ಟ ಹರಿತೈತಿ. ಆ ನೀರು ಕುಡದ್ರ ಹೊಟ್ಯಾಗಿನ ಕೂಸು ನೆಟ್ಟಗ ಹ್ಯಾಂಗ ಇದ್ದೀತು? ನಮ್ಮ ಹುಡುಗಿ ಬಾವಿ ನೀರಾಗ ಬೆಳದಾಳ. ಕೊಡೂದು ಬ್ಯಾಡ."

ನಾನು ಹಿತ್ತಿಲಿಗೆ ಹೋಗಿ ಅತ್ತೆ. ಈ ಸಂಬಂಧ ತಪ್ಪಿದರೆ ಬದುಕುವುದೇ ಇಲ್ಲ ಎಂದುಕೊಂಡಿದ್ದೆ. ಹದಿನೆಂಟು ವಯಸ್ಸು, ಇನ್ನೇನು ಅಂದುಕೊಳ್ಳುತ್ತಾರೆ? ದೊಡ್ಡಪ್ಪನಿಗೆ ನನ್ನ ಕಣ್ಣೀರಿಗಿಂತ ಆಯಿಯ ಲೆಕ್ಕವೇ ಹೆಚ್ಚು ಚುಚ್ಚಿತೆಂದು ನನಗೆ ಇವತ್ತಿಗೂ ಅನುಮಾನ. "ಸೊಟ್ಟ ಕಾಲು ಎಷ್ಟಂತ ಎಲ್ಲಾರೂ ಹೇಳ್ತೀರಿ. ನೆಟ್ಟನವು ಎಷ್ಟಂತ ಯಾರರ ಎಣಿಸೀರೇನು?" ಎಂದವನೇ ರೊಟ್ಟಿ ಕಟ್ಟಿಸಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದ. ವಳಕಮದಿನ್ನಿಯಲ್ಲಿ ಅಲ್ಲಿಯವರ ದಫ್ತರ ಹಿಡಿದು ಮನೆ ಮನೆ ತಿರುಗಿದ. ಹೆಂಗಸರು ಹುಚ್ಚ ಎಂದರು. ಅಲ್ಲಿಯ ಸೂಲಗಿತ್ತಿ ಮಾತ್ರ ಕೂತು ಎಲ್ಲಾ ಹೇಳಿದಳಂತೆ.

ಅವನು ತಿರುಗಿ ಬಂದ ವಾರಕ್ಕೆ ಬೀಗರೂ ಕಡೆಯ ಮಾತಿಗೆಂದು ಬಂದರು. ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ದೊಡ್ಡಪ್ಪ ಅದರ ಮೇಲೆ ಎರಡು ಜೋಳದ ರಾಶಿ ಸುರಿದ, ಊರಿಗೊಂದು, ಎರಡಕ್ಕೂ ಇಪ್ಪತ್ತು ವರ್ಷದ ಲೆಕ್ಕ. ಹುಟ್ಟಿದ ಕೂಸಿಗೊಂದು ಕಾಳು, ಬದುಕದೆ ಹೋದ ಕೂಸಿಗೂ ಒಂದು ಕಾಳು. ಸೊಟ್ಟಗಾಲಿಗೆ ಮಾತ್ರ ಹುಣಸೆ ಬೀಜ. ವಳಕಮದಿನ್ನಿಯ ರಾಶಿಯಲ್ಲಿ ಮೂರು ಬೀಜ, ನಮ್ಮದರಲ್ಲಿ ಎರಡು.

"ನಾ ಹೇಳಲಿಲ್ಲೇನು? ಅವರದು ಮೂರು!" ಎಂದಳು ಆಯಿ.

"ಬೀಜ ಅಷ್ಟೇ ನೋಡಬ್ಯಾಡಬೇ, ಕಾಳೂ ನೋಡು. ಕಾಲುವಿ ಬಂದ ಮ್ಯಾಲೆ ಅಲ್ಲಿ ಊರಿಗೆ ಊರೇ ಬಂದು ಕೂತೈತಿ. ತೊಟ್ಟಲಾ ಹೆಚ್ಚಾದ್ರ ಬೀಜಾನೂ ಹೆಚ್ಚಾಗ್ತಾವ. ನಮ್ಮದು ಹಿಡಿಯಷ್ಟು ರಾಶಿ. ಬಾವಿ ನೀರು ಕುಡದೂ ಎರಡು ಹುಟ್ಯಾವ."

ಬೀಗರು ತಲೆದೂಗಿದರು. ಅಪ್ಪನ ಮುಖ ಸಡಿಲಾಯಿತು. ಕೆಲಸ ಆಗಿಯೇಹೋಗುತ್ತಿತ್ತು, ನಾನು ಸುಮ್ಮನಿದ್ದಿದ್ದರೆ. ಆದರೆ ಬಾಗಿಲ ಮರೆಯಿಂದ ಎಣಿಸುತ್ತಿದ್ದ ನನಗೆ ಬಾಯಿ ತಡೆಯಲಿಲ್ಲ.

"ದೊಡ್ಡಪ್ಪಾ, ಲೆಕ್ಕ ತಪ್ಪೈತಿ. ನಮ್ಮೂರಾಗ ಸೊಟ್ಟಗಾಲು ಅಂದ್ರ ಕುರಿ ಕಾಯೋ ಮಲ್ಲ ಒಬ್ಬನೇ ಅಲ್ಲೇನು? ಎರಡನೇದು ಯಾರದು?"

"ಬಾಯಿ ಮುಚ್ಚಬೇ!" ಎಂದು ಆಯಿ ಚೀರಿದಳು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ದೊಡ್ಡಪ್ಪ ಚಾಳೀಸಿನ ಕನ್ನಡಕ ತೆಗೆದು ಅಂಗಿಗೆ ಒರೆಸಿದ.

"ನಿಂದವ್ವಾ. ಎಡಗಾಲು. ಬರಿಯೂದು ಬರದೆ, ಇಷ್ಟು ವರ್ಷ ಯಾರಿಗೂ ಓದಿ ಹೇಳಲಿಲ್ಲ, ಅದು ನನ್ನ ತಪ್ಪು. ಆದರ ಎಲ್ಲಾರ ಮನಿ ಕೂಸು ಎಣಿಸಿ ನಮ್ಮ ಮನೀದು ಬಿಟ್ರ ಅದು ಲೆಕ್ಕ ಅಲ್ಲ."

ನಾನು ನನ್ನ ಕಾಲನ್ನು ಯಾರದೋ ಕಾಲು ನೋಡಿದಂತೆ ನೋಡಿದೆ. ಹುಟ್ಟಿದಾಗ ಪಾದ ಒಳಕ್ಕೆ ಹೊರಳಿತ್ತಂತೆ. ಅವ್ವ ಒಂದು ವರ್ಷ ದಿನಾ ಔಡಲೆಣ್ಣೆ ತಿಕ್ಕಿ, ಹಳೆ ಧೋತರದ ಪಟ್ಟಿ ಕಟ್ಟಿ, ಕುಂಚಿಗೆಯೊಳಗೆ ಮುಚ್ಚಿ ಮುಚ್ಚಿ ನೆಟ್ಟಗೆ ಮಾಡಿದ್ದಳಂತೆ. ನೆಟ್ಟಗಾದ ಮೇಲೂ ಅವಳ ನಾಚಿಕೆ ನೆಟ್ಟಗಾಗಲಿಲ್ಲ. ಕಾಲುವೆಗೆ ಬೈದ ಆಯಿಯೇ ಅದನ್ನು ಬಚ್ಚಿಡಲು ಮುಂದಾಳು. ಅವಳ ಮೇಲೆ ನನಗೆ ಸಿಟ್ಟು ಬಂತು, ಅವ್ವನ ಮೇಲೆ ಮರುಕ.

ಬೀಗರು ರುಮಾಲು ಸರಿಮಾಡಿಕೊಂಡರು. ಎದ್ದು ಹೋಗುವವರ ಲಕ್ಷಣ. ನನ್ನ ಬಾಯಿಂದಲೇ ನನ್ನ ಮದುವೆ ಕೆಟ್ಟಿತೆಂದು ಗೋಡೆ ಹಿಡಿದು ನಿಂತೆ. ಆಗ ಹುಡುಗನ ತಾಯಿ ಈರಮ್ಮ ಎದ್ದು ಬಂದು ಅವ್ವನ ಪಕ್ಕ ಕೂತಳು.

"ಯಕ್ಕಾ, ಪಟ್ಟಿ ಹ್ಯಾಂಗ ಕಟ್ಟಿದ್ದಿ? ನನಗೊಂದಿಷ್ಟು ತೋರಸ್ತೀಯೇನು?"

ಆ ಮೂರು ಬೀಜದಲ್ಲಿ ಒಂದು ಅವಳ ಮನೆಯದು, ಹಿರಿ ಸೊಸೆಯ ಎಳೆಗೂಸು. ದೊಡ್ಡಪ್ಪ ಹೋದಾಗ ಆ ಕೂಸಿಗೂ ನಿದ್ದೆಯಂತೆ. ಸೂಲಗಿತ್ತಿಯಿಂದ ತಿಳಿದಿದ್ದರೂ ಅವನು ನಮ್ಮ ಹತ್ತಿರ ಕೂಡ ಬಾಯಿ ಬಿಟ್ಟಿರಲಿಲ್ಲ. "ನಮ್ಮ ಕೂಸಿನ ಸುದ್ದಿ ಮುಚ್ಚಿಟ್ಟು ನಿಮ್ಮ ಕೂಸಿನ ಹೆಸರು ಹೇಳಿದ್ರಿ, ಅಣ್ಣಾರ" ಎಂದು ಈರಮ್ಮ ಅತ್ತಳು. ಅವ್ವ ಹಳೆ ಧೋತರ ಹರಿದು, ಟವೆಲ್ಲು ಸುತ್ತಿ ಕಾಲು ಮಾಡಿ, ಕಟ್ಟಿ ತೋರಿಸಿದಳು. ಆ ಹೊತ್ತು ಯಾರೂ ಮದುವೆಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ತಿಂಗಳೊಳಗೆ ನಾನು ಬಿಳಿ ಅನ್ನ ಉಣ್ಣುತ್ತಿದ್ದೆ. ಆ ಕೂಸು, ನನ್ನ ಭಾವನ ಮಗ, ಈಗಲೂ ಕಾಲು ಸ್ವಲ್ಪ ಎಳೆಯುತ್ತಾನೆ. ಎಲ್ಲಾ ಕಾಲೂ ಪಟ್ಟಿಗೆ ಬಗ್ಗುವುದಿಲ್ಲ. ಗದ್ದೆಯ ಬದುವಿನ ಮೇಲೆ ಮಾತ್ರ ಅವನು ನನಗಿಂತ ಮುಂದೆ.

ಮೊನ್ನೆ ಆಶಾ ಕಾರ್ಯಕರ್ತೆ ಹುಡುಗಿ ನಮ್ಮ ಕೂಸನ್ನು ನೋಡಲು ಬಂದಳು. ಫೋನಿನಲ್ಲಿ ಏನೇನೋ ತುಂಬುತ್ತ, "ಮನಿತನದಾಗ ಯಾರಿಗಾದ್ರೂ ಹುಟ್ಟಿನಿಂದ ಏನರ ಊನ ಇತ್ತೇನ್ರಿ?" ಎಂದಳು. "ಇಲ್ರಿ, ಯಾರಿಗೂ ಇಲ್ಲ" ಎಂದು ನನ್ನ ಸೊಸೆ ಪ್ರಶ್ನೆ ಮುಗಿಯುವ ಮುಂಚೆಯೇ ಹೇಳಿಬಿಟ್ಟಳು. ಅವಳ ತಪ್ಪಿಲ್ಲ, ನನ್ನ ಕಾಲಿನ ಕತೆಯಾಗಲಿ, ಭಾವನ ಮಗನದು ಹುಟ್ಟಿನಿಂದಲೇ ಬಂದದ್ದೆಂದಾಗಲಿ ನಾನೂ ಅವಳಿಗೆ ಎಂದೂ ಹೇಳಿರಲಿಲ್ಲ. ದೊಡ್ಡಪ್ಪ ಹೋಗಿ ಎಷ್ಟೋ ವರ್ಷವಾಯಿತು, ಅವನ ದಫ್ತರ ಯಾವ ಕಪಾಟಿನಲ್ಲಿ ಗೆದ್ದಲು ತಿಂದಿತೋ.

"ಐತಿ ಅಂತ ಬರಕೋಬೇ ತಂಗಿ. ನನಗಿತ್ತು. ನನ್ನ ಭಾವನ ಮಗನಿಗೂ ಐತಿ" ಎಂದೆ.

ಸೊಸೆ ಕಣ್ಣು ಕಣ್ಣು ಬಿಟ್ಟಳು. ಆ ಹುಡುಗಿ ನನ್ನನ್ನೇ ನೋಡಿ, "ಇಡೀ ಓಣಿ ತಿರಗೀನಿ ಆಯಿ, ಹೌದು ಅಂದಾಕಿ ನೀ ಒಬ್ಬಾಕೀನೇ" ಎಂದು ಬರೆದುಕೊಂಡು ಹೋದಳು.

ಸಂಜೆಗೆ ಎದುರುಮನೆಯ ಗಂಗಮ್ಮ ಬಂದಳು. ಸಕ್ಕರೆ ಬೇಕೆಂದಳು, ಕೊಟ್ಟ ಮೇಲೂ ಹೋಗಲಿಲ್ಲ. ಬಟ್ಟಲು ಹಿಡಿದು ಹೊಸ್ತಿಲಲ್ಲೇ ನಿಂತು, ಮೆಲ್ಲಗೆ ಕೇಳಿದಳು:

"ಆ ಆಶಾ ಹುಡುಗಿ ನಂಬರ್ ಐತೇನ್ರೀ ಅತ್ತಿ? ನಾನೂ ಇಲ್ಲ ಅಂತ ಒಂದು ತಪ್ಪು ಬರಸೀನಿ."