ಹದಿಮೂರು ಜನರ ಒಂದೇ ತೂಕ

ಗೋದಾಮಿನ ಅಂಗಳಕ್ಕೆ ಲಾರಿಗಳನ್ನು ಬಿಡುವುದು ಬೆಳಿಗ್ಗೆ ಆರೂವರೆಗೆ. ಅದಕ್ಕೂ ಮುಕ್ಕಾಲು ಗಂಟೆ ಮೊದಲೇ, ಈ ಭಾನುವಾರ, ಲಾರಿ ತೂಗುವ ವೇ ಬ್ರಿಡ್ಜಿನ ಅಂಚಿನಲ್ಲಿ ಚಪ್ಪಲಿಗಳ ಸಾಲು ಬೆಳೆಯುತ್ತಿದೆ. ರಬ್ಬರು ಚಪ್ಪಲಿ, ಹಿಮ್ಮಡಿ ಸವೆದ ಬೂಟು, ಪಟ್ಟಿ ಕಿತ್ತು ಪಿನ್ನು ಚುಚ್ಚಿಕೊಂಡಿರುವ ಒಂದು ಜೊತೆ. ಅವುಗಳ ಒಡೆಯರು ಬರಿಗಾಲಲ್ಲಿ, ತಣ್ಣಗಿನ ಕಬ್ಬಿಣದ ಹಾಸಿನ ಮೇಲೆ ಒಬ್ಬರಿಗೊಬ್ಬರು ಒತ್ತಿಕೊಂಡು ನಿಲ್ಲುತ್ತಾರೆ. ಅರವತ್ತು ಟನ್ ಹೊತ್ತು ಅಭ್ಯಾಸವಿರುವ ಹಾಸು ಇದು. ಈ ಬಡಪಾಯಿಗಳು ಹತ್ತಿದ್ದು ಅದಕ್ಕೆ ಗೊತ್ತಾದಂತೆಯೂ ಕಾಣುವುದಿಲ್ಲ.

ಕ್ಯಾಬಿನ್ನಿನ ಒಳಗಿಂದ ಒಬ್ಬ ಹೆಂಗಸು ಕತ್ತು ಚಾಚಿ ಗದರುತ್ತಾಳೆ. “ಗುಮಾಸ್ತರೇ, ಕನ್ನಡಕ ಯಾಕೆ ತೆಗೀತಿದ್ದೀರಿ? ಇದು ಹತ್ತು ಕಿಲೋಗಿಂತ ಕಡಿಮೆ ವ್ಯತ್ಯಾಸ ತೋರ್ಸಲ್ಲ ಅಂತ ಎಷ್ಟು ಸಲ ಹೇಳ್ಲಿ?”

“ನಮ್ಮ ಕಡೆಯಿಂದ ಲೋಪ ಆಗಬಾರದಲ್ಲಮ್ಮಾ,” ಎನ್ನುತ್ತಾ ಗೋದಾಮಿನ ಗುಮಾಸ್ತರು ಕೈಗಡಿಯಾರವನ್ನೂ ಬಿಚ್ಚಿ ಚಪ್ಪಲಿಯೊಳಗೆ ಇಡುತ್ತಾರೆ.

ಹೆಂಗಸು ನಗುತ್ತಾ ಕ್ಯಾಬಿನ್ನಿಗೆ ಬೀಗ ಹಾಕಿ, ತನ್ನ ಚಪ್ಪಲಿಯನ್ನೂ ಸಾಲಿಗೆ ಸೇರಿಸಿ, ಹದಿಮೂರನೆಯವಳಾಗಿ ಹಾಸಿನ ಮೇಲೆ ಬರುತ್ತಾಳೆ. ಎಲ್ಲರೂ ತಲೆಯೆತ್ತಿ, ಕ್ಯಾಬಿನ್ನಿನ ನೆತ್ತಿಯ ಮೇಲಿರುವ ಪರದೆ ನೋಡುತ್ತಾರೆ. ಕೆಂಪು ಅಂಕಿಗಳು ಓಲಾಡಿ ನಿಲ್ಲುತ್ತವೆ. ಸಾವಿರದ ಹತ್ತು ಕಿಲೋ. ಹೋದ ವಾರವೂ ಇಷ್ಟೇ ಇತ್ತು.

ಗುಂಪಿನ ನಡುವೆ ಊರುಗೋಲು ಹಿಡಿದು ನಿಂತಿರುವ ಕ್ಯಾಂಟೀನ್ ಅಕ್ಕನ ಕಡೆಗೆ ಹನ್ನೆರಡು ಜನರ ಕಣ್ಣು ಒಮ್ಮೆ ಹೋಗಿ ಬರುತ್ತದೆ. ನಾಳೆ ಸೋಮವಾರ ಅವಳಿಗೆ ಆಸ್ಪತ್ರೆಯಲ್ಲಿ ಬೇರೆಯೇ ತೂಕವಿದೆ. ತೊಂಬತ್ತು ಕಿಲೋ ಒಳಗೆ ಇದ್ದರೆ ಮಂಡಿಯ ಆಪರೇಷನ್ನಿಗೆ ದಿನ ಗೊತ್ತು ಮಾಡುತ್ತಾರೆ. ಇಲ್ಲದಿದ್ದರೆ ಮತ್ತೆ ಆರು ತಿಂಗಳು ಕಾಯಬೇಕು. ಕೋಲು ಹಿಡಿದ ಕೈಯೂ ಈಗೀಗ ನೋಯುತ್ತಿದೆ.

ಬೀಗ ಹಾಕಿ ಬಂದ ಹೆಂಗಸಿಗೆ ಅಂಗಳದವರು ಇಟ್ಟ ಹೆಸರು ತೂಕದಮ್ಮ. ಐವತ್ತೆರಡು ವರ್ಷ. ಅದರಲ್ಲಿ ಇಪ್ಪತ್ತೊಂದು ವರ್ಷ ಎಂಟಡಿಗೆ ಆರಡಿಯ ಈ ಕ್ಯಾಬಿನ್ನಿನಲ್ಲೇ ಕಳೆದಿದೆ. ದಿನಕ್ಕೆ ನೂರಮೂವತ್ತು, ನೂರನಲವತ್ತು ಲಾರಿ. ಒಂದೊಂದಕ್ಕೂ ಎರಡು ಸಲ ತೂಕ: ಖಾಲಿ ಬಂದಾಗ ಒಂದು, ತುಂಬಿ ಹೊರಟಾಗ ಒಂದು. ಒಂದರಲ್ಲಿ ಇನ್ನೊಂದನ್ನು ಕಳೆದು ಚೀಟಿ ಕೊಡುವುದು ಅವಳ ಕೆಲಸ. ಕುರ್ಚಿಯಿಂದ ಕಿಟಕಿಗೆ ನಾಲ್ಕು ಹೆಜ್ಜೆ. ಕೆಲಸದ ಹೊತ್ತಿನಲ್ಲಿ ಅವಳು ನಡೆಯುವುದು ಅಷ್ಟೇ.

“ಸಿಮೆಂಟು, ಗೋಧಿ, ಕಬ್ಬಿಣ, ಏನೆಲ್ಲಾ ತೂಗಿದ್ದೀನಿ. ಕೂತಿರೋ ಕುರ್ಚಿ ಮೇಲೆ ಎಷ್ಟಿದೆ ಅಂತ ಮಾತ್ರ ನೋಡ್ಲೇ ಇಲ್ಲ,” ಎನ್ನುತ್ತಾಳೆ. ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷವಾಯಿತು. ಗಂಡನಿಗೆ ರಸ್ತೆಯಾಚೆ ಟಯರು ಬದಲಿಸುವ ಶೆಡ್ಡು. ಮಗಳು ರಕ್ತಪರೀಕ್ಷೆಯ ಕೋರ್ಸು ಓದುತ್ತಿದ್ದಾಳೆ. “ವಾರಕ್ಕೊಂದು ಸಲ ನನ್ನ ಬೆರಳು ಚುಚ್ಚಿ ರಕ್ತ ನೋಡ್ತಾಳೆ, ಆಮೇಲೆ ನನ್ನ ಮುಖ ನೋಡ್ತಾಳೆ. ಸೂಜಿಗಿಂತ ಅದೇ ಹೆಚ್ಚು ಚುಚ್ಚುತ್ತೆ.”

ಕ್ಯಾಂಟೀನ್ ಅಕ್ಕ ಇಡೀ ಅಂಗಳಕ್ಕೆ ಅಕ್ಕ. ತೂಕದಮ್ಮನಿಗೆ ಮಾತ್ರ ಹುಟ್ಟಿನಿಂದಲೇ ಅಕ್ಕ. ಅಂಗಳದ ಮೂಲೆಯಲ್ಲಿ ಒಲೆಯ ಮುಂದೆ ನಿಂತು ನಿಂತೇ ಅವಳ ಮಂಡಿ ಸವೆದಿದೆ. ಎರಡು ವರ್ಷದ ಹಿಂದೆ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಮಂಡಿ ಬದಲಿಸಬೇಕು, ಆದರೆ ನೂರೆಂಟು ಕಿಲೋ ಇಟ್ಟುಕೊಂಡು ಆಗದು, ತೊಂಬತ್ತರ ಒಳಗೆ ಬನ್ನಿ ಅಂದರು. ಒಬ್ಬಳೇ ಎರಡು ಸಲ ಪ್ರಯತ್ನಪಟ್ಟಳು. ಒಮ್ಮೆ ಐದು ಕಿಲೋ ಇಳಿದು ಆರು ಏರಿತು, ಇನ್ನೊಮ್ಮೆ ಇಳಿಯಲೇ ಇಲ್ಲ.

ಮೂರನೆಯ ಸಲ ಜೊತೆಗೆ ಜನ ಸೇರಿದರು. ಮೂಟೆ ಹೊರುವುದನ್ನು ಬಿಟ್ಟು ಮೇಸ್ತ್ರಿಯಾದ ಮೇಲೆ ಹೊಟ್ಟೆ ಬಂದವರು, ದಿನವಿಡೀ ಸ್ಟೇರಿಂಗು ಹಿಡಿದು ಕೂರುವ ಡ್ರೈವರುಗಳು, ಗುಮಾಸ್ತರು. ಎಲ್ಲರಿಗೂ ಒಂದಲ್ಲ ಒಂದು ಡಾಕ್ಟರು ಬೈದಿದ್ದರು. ಕ್ಯಾಂಟೀನಿನಲ್ಲಿ ಒಂದು ಪುಟ್ಟ ತೂಕದ ಯಂತ್ರ ತಂದಿಟ್ಟು, ಯಾರ ತೂಕ ಎಷ್ಟು ಅಂತ ಗೋಡೆಯ ಮೇಲೆ ಪಟ್ಟಿ ಅಂಟಿಸಿದರು. ಮೂರೇ ವಾರ. ಹೊರಗಿನಿಂದ ಬಂದ ಯಾರೋ ಡ್ರೈವರು ಟೀ ಕುಡಿಯುತ್ತಾ ಪಟ್ಟಿಯನ್ನು ಗಟ್ಟಿಯಾಗಿ ಓದಿದ. ಅಕ್ಕನ ಅಂಕಿ ಬಂದಾಗ ಶಿಳ್ಳೆ ಹೊಡೆದ. ಅಕ್ಕ ಸುಮ್ಮನೆ ಬಂದು ಪಟ್ಟಿ ಕಿತ್ತು ಒಲೆಗೆ ಹಾಕಿದಳು. ಮಾರನೆಯ ದಿನದಿಂದ ಒಬ್ಬರೂ ಯಂತ್ರದ ಹತ್ತಿರ ಸುಳಿಯಲಿಲ್ಲ.

ತೂಕದಮ್ಮನಿಗೆ ಉಪಾಯ ಹೊಳೆದದ್ದು ಆಗ. “ಒಂದು ಲಾರೀಲಿ ಐನೂರು ಮೂಟೆ ಇರುತ್ತೆ. ಯಾವ ಮೂಟೆ ಎಷ್ಟು ಅಂತ ಯಾರಾದ್ರೂ ಕೇಳ್ತಾರಾ? ಒಟ್ಟು ಎಷ್ಟು ಅಂತ ಕೇಳ್ತಾರೆ. ನಮಗೂ ಅಷ್ಟೇ ಸಾಕು ಅನ್ನಿಸ್ತು.” ಅದೂ ಅಲ್ಲದೆ ವೇ ಬ್ರಿಡ್ಜಿಗೆ ಒಬ್ಬಂಟಿಗಳು ಲೆಕ್ಕಕ್ಕೇ ಇಲ್ಲ. “ನಾನೂರು ಕಿಲೋಗಿಂತ ಕಡಿಮೆ ಇದ್ರೆ ಅದು ಹೇಳೋದನ್ನ ನಂಬಬಾರದು. ನಿಜ ಹೇಳಿಸ್ಬೇಕು ಅಂದ್ರೆ ಐದಾರು ಜನವಾದ್ರೂ ಹತ್ತಬೇಕು.”

ಸೂಪರ್‌ವೈಸರು ಮೊದಲು ಮುಖ ಗಂಟು ಹಾಕಿದರು. ಹಾಸು ಮುರಿದರೆ ಯಾರು ಹೊಣೆ ಅಂದರು. “ನಲವತ್ತು ಟನ್ ಸಿಮೆಂಟಿಗೆ ಮುರೀದೇ ಇರೋದು ನಮ್ಮ ಹನ್ನೊಂದು ಜನಕ್ಕೆ ಮುರಿಯುತ್ತಾ ಸಾರ್?” ಎಂದು ಕೇಳಿದಳು ತೂಕದಮ್ಮ. ಅವರು ತಮ್ಮ ಬೆಲ್ಟನ್ನು ಒಮ್ಮೆ ಸರಿಪಡಿಸಿಕೊಂಡು ಒಪ್ಪಿದರು. ಹನ್ನೆರಡನೆಯವರು ಅವರೇ.

ಮೊದಲ ಭಾನುವಾರ ಬಂದ ಒಟ್ಟು ತೂಕ ಸಾವಿರದ ಅರವತ್ತು. ತೂಕದಮ್ಮ ಒಳಗಿನ ಪರದೆ ನೋಡಿ, ಕಿಟಕಿಯಿಂದ ಕೂಗಿ ಹೇಳಿ, ಕ್ಯಾಬಿನ್ನಿನ ಗಾಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. ಅಂದಿನಿಂದ ದಿನಾ ಬೆಳಿಗ್ಗೆ ಕಾಂಪೌಂಡ್ ಗೋಡೆಗುಂಟ ನಡಿಗೆ. ಒಂದು ಸುತ್ತಿಗೆ ಒಂಬೈನೂರು ಮೀಟರು, ದಿನಕ್ಕೆ ಮೂರು ಸುತ್ತು. ಅಕ್ಕನಿಗೆ ಅರ್ಧ ಸುತ್ತು, ಉಳಿದದ್ದಕ್ಕೆ ಕುರ್ಚಿಯಲ್ಲಿ ಕೂತು ಕೈಕಾಲು ಆಡಿಸುವ ವ್ಯಾಯಾಮ. ಯಾರ ತೂಕವನ್ನೂ ಯಾರೂ ಕೇಳುವಂತಿಲ್ಲ. ಒಬ್ಬರು ಬರದಿದ್ದರೆ ಪಕ್ಕದ ಇಬ್ಬರು ಮನೆಗೆ ಹೋಗಿ ಬಾಗಿಲು ಬಡಿಯಬೇಕು. ಒಟ್ಟು ತೂಕ ಕದಲದ ವಾರ ಕ್ಯಾಂಟೀನಿನಲ್ಲಿ ಎಣ್ಣೆ ಬಾಣಲೆ ಒಲೆಗೆ ಏರುವುದಿಲ್ಲ. ಹೊರಗಿನ ಡ್ರೈವರುಗಳು ಇವರ ತೂಕಕ್ಕೆ ನಮಗ್ಯಾಕೆ ಉಪವಾಸ ಅಂತ ಗೊಣಗುತ್ತಾರೆ. ಗೊಣಗಿದವರಲ್ಲಿ ಇಬ್ಬರು ಈಗ ನಡಿಗೆಗೂ ಬರುತ್ತಿದ್ದಾರೆ.

ಗಮ್ಮತ್ತಿನ ಸಂಗತಿ ಎಂದರೆ, ಒಟ್ಟು ತೂಕ ಇಳಿದಾಗ ಪ್ರತಿಯೊಬ್ಬರೂ ಅದು ತನ್ನಿಂದಲೇ ಅಂದುಕೊಳ್ಳುತ್ತಾರೆ. “ಆ ಹತ್ತು ಕಿಲೋ ಯಾರದು ಅಂತ ದೇವರಿಗೇ ಗೊತ್ತು. ಗುಮಾಸ್ತರು ಮಾತ್ರ ಎದೆ ಉಬ್ಬಿಸ್ಕೊಂಡು ಹೋಗ್ತಾರೆ,” ಎಂದು ತೂಕದಮ್ಮ ನಗುತ್ತಾಳೆ. ಇಳಿಯದೆ ನಿಂತಾಗಲೂ ಅದು ತನ್ನಿಂದಲೇ ಅಂದುಕೊಳ್ಳುವವರು ಇರುತ್ತಾರೆಂದು ಅವಳಿಗೆ ತಿಳಿಯಲು ಎಂಟು ತಿಂಗಳು ಬೇಕಾಯಿತು.

ಏಳನೆಯ ತಿಂಗಳು ಒಟ್ಟು ತೂಕ ಒಂಬೈನೂರ ತೊಂಬತ್ತಕ್ಕೆ ಬಂದು ಪಟ್ಟು ಹಿಡಿದು ಕೂತಿತು. ಐದು ವಾರ ಅಲ್ಲಾಡಲಿಲ್ಲ. ಆರನೆಯ ಭಾನುವಾರ ಮಂಜು ಕವಿದಿತ್ತು. ಎಲ್ಲರೂ ಮಫ್ಲರು ಸುತ್ತಿಕೊಂಡು ಗಡಿಬಿಡಿಯಲ್ಲಿ ಹತ್ತಿದರು. ತೂಕದಮ್ಮ ಅಂಕಿ ನೋಡಿ ತನ್ನ ಕಣ್ಣನ್ನೇ ನಂಬದೆ, “ಎಂಟುನೂರ ತೊಂಬತ್ತು!” ಎಂದು ಕೂಗಿದಳು. ಒಂದೇ ವಾರಕ್ಕೆ ನೂರು ಕಿಲೋ. ಹಾಸಿನ ಮೇಲೆ ಹೋ ಎಂಬ ಕೇಕೆ ಎದ್ದಿತು. ಗುಮಾಸ್ತರು ಸೂಪರ್‌ವೈಸರನ್ನು ತಬ್ಬಿಕೊಂಡರು. ಆ ತಬ್ಬಿನಿಂದ ಬಿಡಿಸಿಕೊಳ್ಳುತ್ತಾ ಸೂಪರ್‌ವೈಸರೇ ಕೇಳಿದರು, “ಕ್ಯಾಂಟೀನ್ ಅಕ್ಕ ಎಲ್ಲಿ?”

ಆ ಕ್ಷಣ ನೆನೆದರೆ ತೂಕದಮ್ಮನಿಗೆ ಈಗಲೂ ನಾಚಿಕೆಯಾಗುತ್ತದೆ. “ಲಾರಿ ನಂಬರ್ ನೋಡ್ದೆ ನಾನು ಒಂದು ದಿನಾನೂ ಚೀಟಿ ಕೊಟ್ಟವಳಲ್ಲ. ಅವತ್ತು ತಲೆ ಎಣಿಸ್ದೆ ತೂಕ ಕೂಗಿಬಿಟ್ಟೆ. ನನ್ನ ಸ್ವಂತ ಅಕ್ಕ ಇಲ್ಲ ಅನ್ನೋದಕ್ಕೆ ಚಪ್ಪಾಳೆ ತಟ್ಟಿದೆ.”

ಬಾಗಿಲು ಬಡಿಯಲು ಅವಳೇ ಹೋದಳು. ಅಕ್ಕ ಕಾಂಪೌಂಡ್ ಗೋಡೆಯಾಚೆ, ಎರಡನೆಯ ಮಹಡಿಯ ತನ್ನ ಮನೆಯಲ್ಲಿ, ಕಿಟಕಿ ಪಕ್ಕದ ಮಂಚದ ಮೇಲೆ ಕಾಲು ನೀಡಿ ಕೂತಿದ್ದಳು.

“ಕೇಕೆ ಇಲ್ಲೀವರೆಗೂ ಕೇಳಿಸ್ತು. ಎಷ್ಟು ಬಂತು?” ಅಕ್ಕ ಕೇಳಿದಳು.

ತಂಗಿ ಮಂಚದ ಅಂಚಿನಲ್ಲಿ ಕೂತಳು.

“ಐದು ವಾರದಿಂದ ನಿಂತಿರೋದು ನನ್ನಿಂದಾನೇ ಕಣೇ. ಅವರೆಲ್ಲ ಇಳೀತಿದ್ದಾರೆ, ನಾನು ಏರ್ತಿದ್ದೀನಿ. ಅವರು ದುಡಿದಿದ್ದನ್ನೆಲ್ಲ ನಾನೊಬ್ಬಳೇ ತಿಂದುಹಾಕ್ತಿದ್ದೀನಿ. ನನ್ನ ಬಿಟ್ಟು ತೂಗಿಕೊಳ್ಳಿ.”

“ನಿನ್ನಿಂದ ಅಂತ ಯಾರು ಹೇಳಿದ್ರು? ಯಾರಿಗೂ ಗೊತ್ತಾಗಬಾರದು ಅಂತಾನೇ ಅಲ್ವಾ ಎಲ್ಲರೂ ಒಟ್ಟಿಗೆ ಹತ್ತೋದು?”

“ಎಲ್ಲರೂ?” ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ನೀನು ಒಂದು ದಿನವಾದ್ರೂ ಹತ್ತಿದ್ದೀಯಾ? ಗಾಜಿನ ಹಿಂದೆ ಕೂತ್ಕೊಂಡು ನಮ್ಮದು ಕೂಗ್ತೀಯ. ನಿಂದು ಎಷ್ಟು?”

ತೂಕದಮ್ಮನ ಹತ್ತಿರ ಉತ್ತರ ಸಿದ್ಧವಿತ್ತು. ಕ್ಯಾಬಿನ್ನಿನೊಳಗೆ ಬೇರೆಯವರು ಕಾಲಿಡುವ ಹಾಗಿಲ್ಲ, ಹೊರಗಿನ ಪರದೆ ಕೆಟ್ಟು ಆರು ವರ್ಷವಾಗಿದೆ, ಅಂಕಿ ಓದಲು ಯಾರಾದರೂ ಒಳಗೆ ಇರಲೇಬೇಕು. ಎಲ್ಲವೂ ನಿಜವೇ. ಆದರೂ ಮೆಟ್ಟಿಲಿಳಿಯುವಾಗ ಅವಳ ಮುಖ ಕೆಂಪಾಗಿತ್ತು. ಹೊರಗಿನ ಪರದೆ ರಿಪೇರಿ ಮಾಡಿಸಿ ಅಂತ ಡ್ರೈವರುಗಳು ಆರು ವರ್ಷದಿಂದ ಗೋಗರೆಯುತ್ತಿದ್ದರು. ಅವಳು ಒಮ್ಮೆಯೂ ಅರ್ಜಿ ಬರೆದಿರಲಿಲ್ಲ.

ಸೋಮವಾರ ಬರೆದಳು. ಬುಧವಾರ ರಿಪೇರಿಯವನು ಏಣಿ ಹತ್ತಿದ. ಗುರುವಾರ ಅವಳಿಗೆ ಇನ್ನೊಂದು ವಿಷಯ ಹೊಳೆಯಿತು. ಹನ್ನೆರಡು ಜನರ ತೂಕ ಒಂಬೈನೂರ ತೊಂಬತ್ತು ಅಂತ ಎಲ್ಲರಿಗೂ ಗೊತ್ತು. ಹದಿಮೂರನೆಯವಳು ಹತ್ತಿದರೆ ಕಳೆಯುವುದು ಮಗುವಿಗೂ ಬರುತ್ತದೆ. ಅಂಗಳದಲ್ಲಿ ಯಾರ ತೂಕವೂ ಯಾರಿಗೂ ತಿಳಿಯದು, ಹೋದ ವಾರ ಬಯಲಾದ ಅಕ್ಕನದನ್ನೂ ಇನ್ನು ಅವಳದನ್ನೂ ಬಿಟ್ಟು. ಇಪ್ಪತ್ತೊಂದು ವರ್ಷ ಭರ್ತಿಯಲ್ಲಿ ಖಾಲಿ ಕಳೆದು ಹೊಟ್ಟೆ ಹೊರೆದವಳಿಗೆ ಈ ಕಳೆಯುವ ಲೆಕ್ಕ ಎರಡು ದಿನ ಊಟ ಸೇರದಂತೆ ಮಾಡಿತು.

“ಹತ್ತದೇ ಇದ್ರೆ ಅಕ್ಕ ಬರಲ್ಲ. ಅವಳು ಬರದಿದ್ರೆ ಮಂಡಿ ಹಾಗೇ ಉಳಿಯುತ್ತೆ. ನನ್ನ ಮಾನ ಇಟ್ಕೊಂಡು ಏನು ಮಾಡ್ಲಿ?” ಎನ್ನುತ್ತಾಳೆ.

ಭಾನುವಾರ ಅಕ್ಕನನ್ನು ಇಬ್ಬರು ಹಿಡಿದು ಕರೆತಂದರು. ತೂಕದಮ್ಮ ಕ್ಯಾಬಿನ್ನಿಗೆ ಬೀಗ ಹಾಕಿ ಮೊದಲ ಬಾರಿಗೆ ಚಪ್ಪಲಿ ಬಿಟ್ಟು ಹಾಸಿನ ಮೇಲೆ ಬಂದಳು. ಹೊಸದಾಗಿ ಜೀವ ಬಂದ ಪರದೆ ಸಾವಿರದ ಎಂಬತ್ತು ತೋರಿಸಿತು. ಎಂಟು ತಿಂಗಳು ಬೆವರು ಹರಿಸಿದ ಮೇಲೆ, ಶುರುವಿನಲ್ಲಿದ್ದುದಕ್ಕಿಂತ ಇಪ್ಪತ್ತು ಕಿಲೋ ಹೆಚ್ಚು! ಎಲ್ಲರೂ ಮನಸ್ಸಿನಲ್ಲೇ ಕಳೆಯುತ್ತಿರುವುದು ತೂಕದಮ್ಮನಿಗೆ ಬೆನ್ನಿಗೆ ತಾಗಿದಂತೆ ತಿಳಿಯಿತು. ಯಾರೂ ಅಂಕಿ ಬಾಯಿಗೆ ತರಲಿಲ್ಲ. ಅಕ್ಕನೊಬ್ಬಳು ಮಾತ್ರ ಊರುಗೋಲಿಗೆ ಒರಗಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. “ಇಷ್ಟನ್ನೆಲ್ಲ ಗಾಜಿನ ಹಿಂದೆ ಬಚ್ಚಿಟ್ಕೊಂಡಿದ್ಯೇನೇ?” ಎಂದು ತಂಗಿಯ ಕೈ ಹಿಡಿದುಕೊಂಡಳು. ಅವತ್ತಿನಿಂದ ಒಂದು ಭಾನುವಾರವೂ ಅವಳು ತಪ್ಪಿಸಿಲ್ಲ.

ಆರು ತಿಂಗಳಲ್ಲಿ ಹದಿಮೂರು ಜನ ಸೇರಿ ಎಪ್ಪತ್ತು ಕಿಲೋ ಇಳಿಸಿದ್ದಾರೆ. ಅದರಲ್ಲಿ ಅಕ್ಕನ ಪಾಲು ಎಷ್ಟೆಂದು ವೇ ಬ್ರಿಡ್ಜು ಹೇಳುವುದಿಲ್ಲ. ಹೋದ ತಿಂಗಳು ಆಸ್ಪತ್ರೆಯ ಮಾಮೂಲಿ ತಪಾಸಣೆಯಲ್ಲಿ ತೊಂಬತ್ಮೂರು ಇತ್ತು. ಆಮೇಲಿನದು ಯಾರಿಗೂ ತಿಳಿಯದು, ಅವಳಿಗೂ.

ಸೋಮವಾರ ತೂಕದಮ್ಮ ಅರ್ಧ ದಿನ ರಜೆ ಹಾಕಿ ಅಕ್ಕನ ಜೊತೆ ಆಸ್ಪತ್ರೆಗೆ ಹೋಗುತ್ತಾಳೆ. ಉದ್ದನೆಯ ಪಡಸಾಲೆ, ಫಿನಾಯಿಲ್ ವಾಸನೆ, ಗೋಡೆಗುಂಟ ಬೆಂಚು. ಮೂಲೆಯಲ್ಲಿ ಒಬ್ಬರು ಮಾತ್ರ ನಿಲ್ಲಬಹುದಾದ ಸಣ್ಣ ಯಂತ್ರ. ನರ್ಸು ಹೆಸರು ಕೂಗುತ್ತಾಳೆ. ಅಕ್ಕ ಎದ್ದು ಯಂತ್ರದ ತನಕ ಹೋಗಿ ನಿಂತುಬಿಡುತ್ತಾಳೆ.

“ಹತ್ತಿ ಅಮ್ಮಾ,” ನರ್ಸು ಅವಸರಪಡಿಸುತ್ತಾಳೆ.

“ಒಬ್ಬಳೇ ಹತ್ತಿ ಅಭ್ಯಾಸ ತಪ್ಪಿದೆ,” ಎನ್ನುತ್ತಾ ಅಕ್ಕ ತಂಗಿಯ ಕಡೆ ನೋಡುತ್ತಾಳೆ. ತೂಕದಮ್ಮ ಊರುಗೋಲನ್ನು ಇಸಿದುಕೊಂಡು ಎರಡು ಹೆಜ್ಜೆ ದೂರ ಸರಿದು ನಿಲ್ಲುತ್ತಾಳೆ. ತಾಗಿದರೆ ತೂಕ ತಪ್ಪುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳು ಯಂತ್ರವನ್ನು ನೋಡದೆ ಅಕ್ಕನ ಪಾದಗಳನ್ನೇ ನೋಡುತ್ತಿದ್ದಾಳೆ.

“ಎಂಬತ್ತೊಂಬತ್ತು ಪಾಯಿಂಟ್ ನಾಲ್ಕು,” ನರ್ಸು ಬರೆದುಕೊಳ್ಳುತ್ತಾಳೆ. “ಡಾಕ್ಟರು ಇವತ್ತೇ ಡೇಟ್ ಕೊಡ್ತಾರೆ, ಕೂತಿರಿ.”

ಅಕ್ಕ ಇಳಿಯುವುದಿಲ್ಲ. ಕಾಲ ಬೆರಳುಗಳ ಮುಂದೆ ಮಿನುಗುವ ಅಂಕಿಯನ್ನು ಬಗ್ಗಿ ನೋಡುತ್ತಲೇ ಇದ್ದಾಳೆ. ಹಿಂದೆ ಸರತಿಯಲ್ಲಿ ನಿಂತವರು ಕೆಮ್ಮುತ್ತಾರೆ.

“ಇದು ನನ್ನೊಬ್ಬಳದೇನಾ?” ಎಂದು ಅವಳು ಮೆಲ್ಲಗೆ ಕೇಳುತ್ತಾಳೆ.

ತೂಕದಮ್ಮನ ಕಣ್ಣಲ್ಲಿ ನೀರು ತುಂಬಿದೆ. ಆದರೂ ಇಪ್ಪತ್ತೊಂದು ವರ್ಷ ಸಾವಿರಾರು ಡ್ರೈವರುಗಳಿಗೆ ಕಿಟಕಿಯಿಂದ ಹೇಳಿದ ಅದೇ ದನಿಯಲ್ಲಿ ಹೇಳುತ್ತಾಳೆ: “ನಿನ್ನೊಬ್ಬಳದೇ. ನಾನೇ ನಿಂತು ನೋಡಿದ್ದೀನಿ. ಇಳಿ ಈಗ, ಹಿಂದೆ ಜನ ಕಾಯ್ತಿದ್ದಾರೆ.”